ಕಂಪ್ಯೂಟರ್ ತಂತ್ರಜ್ಞಾನ ಸಂಸ್ಥೆಗಳ ಪೈಪೋಟಿ: ಸ್ಪರ್ಧಾ ಆಯೋಗಕ್ಕೆ ಮಾಹಿತಿ ಸಲ್ಲಿಸುವ ಮುನ್ನ ತಿಳಿಯಬೇಕಾದ ಅಂಶಗಳು

ಕಂಪ್ಯೂಟರ್, ಮೊಬೈಲ್ ಫೋನ್ ಹಾಗೂ ಅವುಗಳಲ್ಲಿ ಬಳಸುವ ತಂತ್ರಾಂಶಗಳ ವ್ಯವಹಾರದಲ್ಲಿ ದೊಡ್ಡ ಸಂಸ್ಥೆಯೊಂದು ತನ್ನ ಪ್ರತಿಸ್ಪರ್ಧಿಗಳಿಗೆ ಮಾರುಕಟ್ಟೆಯಲ್ಲಿ ಅವಕಾಶವೇ ಇಲ್ಲದಂತೆ ಮಾಡುತ್ತಿದೆ ಎಂದು ಕಂಡುಬಂದಲ್ಲಿ, ಆ ಬಗ್ಗೆ ಭಾರತದ ಸ್ಪರ್ಧಾ ಆಯೋಗಕ್ಕೆ ಮಾಹಿತಿ ಸಲ್ಲಿಸಲು ಸ್ಪರ್ಧಾ ಅಧಿನಿಯಮ, 2002ರಲ್ಲಿ ಅವಕಾಶ ಕಲ್ಪಿಸಲಾಗಿದೆ. ಇದು ಪ್ರತಿಸ್ಪರ್ಧಿ ಸಂಸ್ಥೆಗಳಿಗೆ ಮಾತ್ರ ಮೀಸಲಾದ ಅವಕಾಶವಲ್ಲ. ಅಧಿನಿಯಮದ ಕಲಂ 19ರ ಮೇರೆಗೆ ಯಾವುದೇ ವ್ಯಕ್ತಿ, ಗ್ರಾಹಕರು, ಗ್ರಾಹಕರ ಸಂಘ ಅಥವಾ ವ್ಯಾಪಾರಿಗಳ ಸಂಘವು ಮಾಹಿತಿ ಸಲ್ಲಿಸಬಹುದಾಗಿದೆ. ಮಾಹಿತಿದಾರರು ಸ್ವತಃ ನಷ್ಟ ಅನುಭವಿಸಿರಲೇಬೇಕೆಂಬ ನಿರ್ಬಂಧವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ದಿನಾಂಕ 15.12.2020ರ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಬಾಡಿಗೆ ಕಾರುಗಳ ಆಪ್‌ಗಳಿಗೆ ಸಂಬಂಧಿಸಿದ ಆ ಪ್ರಕರಣದಲ್ಲಿ ಮಾಹಿತಿದಾರರ ಹಕ್ಕು ಮಾನ್ಯವಾದರೂ ಅವರ ಆರೋಪವು ತಿರಸ್ಕೃತವಾಯಿತು ಎಂಬುದನ್ನೂ ಅರ್ಜಿದಾರರು ಗಮನದಲ್ಲಿಡತಕ್ಕದ್ದು.

ದೊಡ್ಡ ಸಂಸ್ಥೆಯಾಗಿರುವುದು ಅಪರಾಧವೇ?

ಅಲ್ಲ. ಬರುವ ದೂರುಗಳಲ್ಲಿ ಬಹಳಷ್ಟು ಇಲ್ಲಿಯೇ ಎಡವುವ ಸಂಭವವಿರುತ್ತದೆ. ಅಧಿನಿಯಮದ ಕಲಂ 4 ನಿಷೇಧಿಸುವುದು ಪ್ರಬಲ ಸ್ಥಾನವನ್ನಲ್ಲ, ಆ ಸ್ಥಾನದ ದುರುಪಯೋಗವನ್ನು. ಒಳ್ಳೆಯ ತಂತ್ರಾಂಶ ರೂಪಿಸಿ ಬಹುಪಾಲು ಗ್ರಾಹಕರನ್ನು ಗಳಿಸಿದ ಸಂಸ್ಥೆಯ ಮೇಲೆ ಕ್ರಮ ಜರುಗಿಸಲಾಗದು. ಹಾಗೆ ಗಳಿಸಿದ ಸ್ಥಾನದ ಬಲದಿಂದ ಬೇರೊಬ್ಬರ ಉತ್ಪನ್ನವು ಗ್ರಾಹಕರನ್ನು ತಲುಪದಂತೆ ತಡೆದಲ್ಲಿ ಮಾತ್ರ ಕಾನೂನು ಅನ್ವಯವಾಗುತ್ತದೆ.

ಈ ವ್ಯತ್ಯಾಸವನ್ನು ಜಗತ್ತಿನ ಗಮನಕ್ಕೆ ತಂದದ್ದು ಅಮೆರಿಕದ ಮೈಕ್ರೋಸಾಫ್ಟ್ ಪ್ರಕರಣ. ವಿಂಡೋಸ್ ಕಾರ್ಯಾಚರಣಾ ವ್ಯವಸ್ಥೆಯೊಂದಿಗೆ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರ್ ತಂತ್ರಾಂಶವನ್ನು ಜೋಡಿಸಿ, ನೆಟ್‌ಸ್ಕೇಪ್ ಸಂಸ್ಥೆಯ ಬ್ರೌಸರ್ ಬೆಳೆಯದಂತೆ ತಡೆದ ಆರೋಪದ ಮೇಲೆ 1998ರ ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರ ಹಾಗೂ ಹಲವು ರಾಜ್ಯಗಳು ಮೊಕದ್ದಮೆ ಹೂಡಿದವು. ಸಂಸ್ಥೆಯ ಒಳಗಿನ ಇ-ಮೇಲ್‌ಗಳೇ ಅದರ ವಿರುದ್ಧ ಮುಖ್ಯ ಸಾಕ್ಷ್ಯವಾದವು. 2000ದ ಜೂನ್‌ನಲ್ಲಿ ಸಂಸ್ಥೆಯನ್ನು ಎರಡಾಗಿ ವಿಭಜಿಸಲು ಆದೇಶವಾಯಿತಾದರೂ, 2001ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯವು ವಿಭಜನೆಯ ಆದೇಶವನ್ನು ರದ್ದುಪಡಿಸಿತು. ಏಕಸ್ವಾಮ್ಯವನ್ನು ಅಕ್ರಮವಾಗಿ ಕಾಪಾಡಿಕೊಂಡ ಆರೋಪವನ್ನು ಮಾತ್ರ ಎತ್ತಿಹಿಡಿಯಿತು.

ಭಾರತದಲ್ಲಿನ ಆಂಡ್ರಾಯ್ಡ್ ಪ್ರಕರಣ

ನಮ್ಮ ನಾಗರಿಕರಿಗೆ ಹೆಚ್ಚು ಪ್ರಸ್ತುತವಾದುದು ಗೂಗಲ್ ಸಂಸ್ಥೆಯ ಆಂಡ್ರಾಯ್ಡ್ ಪ್ರಕರಣ. ಇಲ್ಲಿ ಆಯೋಗದ ಮೊರೆ ಹೋದವರು ಕೋಟ್ಯಂತರ ರೂಪಾಯಿ ವಹಿವಾಟಿನ ಸಂಸ್ಥೆಗಳಲ್ಲ, ಆಂಡ್ರಾಯ್ಡ್ ಫೋನ್ ಬಳಸುತ್ತಿದ್ದ ವ್ಯಕ್ತಿಗಳು. ಆಯೋಗವು 2019ರ ಏಪ್ರಿಲ್‌ನಲ್ಲಿ ಮಹಾ ನಿರ್ದೇಶಕರಿಂದ ತನಿಖೆಗೆ ಆದೇಶಿಸಿತು.

ತನಿಖೆಯ ಕೇಂದ್ರದಲ್ಲಿದ್ದದ್ದು ಫೋನ್ ತಯಾರಕರೊಂದಿಗಿನ ಒಪ್ಪಂದಗಳು. ಪ್ಲೇ ಸ್ಟೋರ್ ಬೇಕಾದ ತಯಾರಕರು ಅದರೊಂದಿಗೆ ಗೂಗಲ್‌ನ ಇತರ ಆಪ್‌ಗಳ ಇಡೀ ಗುಂಪನ್ನೇ ಫೋನಿನಲ್ಲಿ ಮೊದಲೇ ಅಳವಡಿಸಬೇಕಾಗಿತ್ತು; ಅವುಗಳಿಗೆ ಪರದೆಯ ಮೇಲೆ ಎದ್ದುಕಾಣುವ ಸ್ಥಾನವನ್ನೂ ನೀಡಬೇಕಾಗಿತ್ತು. ಪ್ಲೇ ಸ್ಟೋರ್ ಇಲ್ಲದ ಫೋನನ್ನು ಕೊಳ್ಳುವವರು ವಿರಳವಾದ್ದರಿಂದ ತಯಾರಕರಿಗೆ ನಿರಾಕರಿಸುವ ಸ್ವಾತಂತ್ರ್ಯ ಕಾಗದದ ಮೇಲಷ್ಟೇ ಇತ್ತೆನ್ನಬಹುದು. ಆಪಲ್ ಸಂಸ್ಥೆಯ ಪೈಪೋಟಿ ಇದೆಯಲ್ಲವೇ ಎಂಬ ವಾದವನ್ನು ಆಯೋಗವು ಒಪ್ಪಲಿಲ್ಲ. ಆಪಲ್ ತನ್ನ ಕಾರ್ಯಾಚರಣಾ ವ್ಯವಸ್ಥೆಯನ್ನು ಬೇರೆ ತಯಾರಕರಿಗೆ ಕೊಡುವುದಿಲ್ಲ. ಆದಕಾರಣ, ಪರವಾನಗಿ ಪಡೆದು ಬಳಸಬಹುದಾದ ಕಾರ್ಯಾಚರಣಾ ವ್ಯವಸ್ಥೆಗಳ ಮಾರುಕಟ್ಟೆಯೇ ಬೇರೆ ಎಂದು ಪರಿಗಣಿಸಲಾಯಿತು.

ದಿನಾಂಕ 20.10.2022ರಂದು ಆಯೋಗವು ರೂ. 1,337.76 ಕೋಟಿ ದಂಡ ವಿಧಿಸಿ, ಹಲವು ನಿರ್ದೇಶನಗಳನ್ನು ನೀಡಿತು. ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಾಧಿಕರಣವು ದಿನಾಂಕ 29.03.2023ರಂದು ದಂಡವನ್ನು ಎತ್ತಿಹಿಡಿದು, ನಾಲ್ಕು ನಿರ್ದೇಶನಗಳನ್ನು ರದ್ದುಪಡಿಸಿತು. ಮೊದಲೇ ಅಳವಡಿಸಿದ ಆಪ್‌ಗಳನ್ನು ತೆಗೆದುಹಾಕಲು ಬಳಕೆದಾರರಿಗೆ ಅವಕಾಶವಿರಬೇಕೆಂಬ ನಿರ್ದೇಶನವು ರದ್ದಾದವುಗಳಲ್ಲಿ ಒಂದು. ಸಾಮಾನ್ಯ ಬಳಕೆದಾರರ ಕೈಗೆ ನೇರವಾಗಿ ತಲುಪಬಹುದಾಗಿದ್ದ ಪ್ರಯೋಜನವೇ ಇದಾಗಿತ್ತು. ಆದಾಗ್ಯೂ, ಹೊಸ ಫೋನುಗಳಲ್ಲಿ ತಮಗೆ ಬೇಕಾದ ಹುಡುಕುತಾಣವನ್ನು ಆಯ್ದುಕೊಳ್ಳುವ ಅವಕಾಶ ಕಲ್ಪಿಸುವುದಾಗಿ ಸಂಸ್ಥೆಯು 2023ರ ಜನವರಿಯಲ್ಲಿ ಪ್ರಕಟಿಸಿತು.

ಇದೇ ಸಂಸ್ಥೆಯ ಪ್ಲೇ ಸ್ಟೋರ್ ಪಾವತಿ ನಿಯಮಗಳ ಕುರಿತ ಮತ್ತೊಂದು ಪ್ರಕರಣವು ಆಪ್ ತಯಾರಿಸುವ ಸಣ್ಣ ಸಂಸ್ಥೆಗಳಿಗೆ ಸಂಬಂಧಿಸಿದ್ದು. ಇಂತಹ ಸಂಸ್ಥೆಗಳು ಬೆಂಗಳೂರಿನಲ್ಲಿ ಹೇರಳವಾಗಿವೆ. ಅದರಲ್ಲಿ 2022ರ ಅಕ್ಟೋಬರ್‌ನಲ್ಲಿ ವಿಧಿಸಿದ ರೂ. 936.44 ಕೋಟಿ ದಂಡವು ಮೇಲ್ಮನವಿಯಲ್ಲಿ 2025ರ ಮಾರ್ಚ್‌ನಲ್ಲಿ ರೂ. 216.69 ಕೋಟಿಗೆ ಇಳಿಯಿತು.

ದಂಡದ ಹಣ ಯಾರಿಗೆ ಸೇರುತ್ತದೆ?

ವಸೂಲಾದ ದಂಡದ ಮೊತ್ತವು ಭಾರತದ ಸಂಚಿತ ನಿಧಿಗೆ ಜಮೆಯಾಗುತ್ತದೆ. ಮಾಹಿತಿದಾರರಿಗೆ ಅದರಲ್ಲಿ ಯಾವುದೇ ಪಾಲು ಇರುವುದಿಲ್ಲ. ಉಲ್ಲಂಘನೆ ನಡೆದಿದೆಯೆಂದು ತೀರ್ಮಾನವಾದ ನಂತರ, ಅದರಿಂದ ನಷ್ಟವಾದವರು ಕಲಂ 53ಎನ್ ಮೇರೆಗೆ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಪರಿಹಾರಕ್ಕಾಗಿ ಪ್ರತ್ಯೇಕ ಅರ್ಜಿ ಸಲ್ಲಿಸಬೇಕಾಗುತ್ತದೆ. ಆಂಡ್ರಾಯ್ಡ್ ಪ್ರಕರಣದಲ್ಲಿ ತನಿಖೆಯ ಆದೇಶದಿಂದ ಅಂತಿಮ ಆದೇಶಕ್ಕೆ ಮೂರೂವರೆ ವರ್ಷ ಹಿಡಿದಿದೆ. ಶೀಘ್ರವಾಗಿ ಹಣ ಹಿಂಪಡೆಯುವ ಉದ್ದೇಶವಿರುವವರಿಗೆ ಈ ಮಾರ್ಗ ಸೂಕ್ತವಲ್ಲ.

ಮಾಹಿತಿ ಸಲ್ಲಿಸುವ ಬಗೆ

ಮಾಹಿತಿಯನ್ನು ನಿಗದಿತ ಶುಲ್ಕದೊಂದಿಗೆ ನವದೆಹಲಿಯಲ್ಲಿರುವ ಆಯೋಗಕ್ಕೆ ಲಿಖಿತವಾಗಿ ಸಲ್ಲಿಸತಕ್ಕದ್ದು. ದೂರಿಗೆ ಕಾರಣವಾದ ಘಟನೆ ನಡೆದ 3 ವರ್ಷಗಳೊಳಗೆ ಸಲ್ಲಿಸಬೇಕೆಂಬ ಮಿತಿಯನ್ನು 2023ರ ತಿದ್ದುಪಡಿಯು ವಿಧಿಸಿದೆ. ವಿಳಂಬಕ್ಕೆ ಸಕಾರಣವಿದ್ದಲ್ಲಿ ಆಯೋಗವು ಅದನ್ನು ಮನ್ನಿಸಬಹುದು. ತಮ್ಮ ಹೆಸರು ಬಹಿರಂಗವಾದರೆ ತೊಂದರೆಯಾದೀತೆಂಬ ಆತಂಕವಿರುವವರು, ಉದಾಹರಣೆಗೆ ಅದೇ ಸಂಸ್ಥೆಯನ್ನು ಅವಲಂಬಿಸಿ ವ್ಯಾಪಾರ ನಡೆಸುವವರು, ಗುರುತನ್ನು ಗೌಪ್ಯವಾಗಿಡುವಂತೆ ಲಿಖಿತವಾಗಿ ಕೋರಬಹುದು.

ಸಂಸ್ಥೆಯ ಮೇಲಿನ ಅಸಮಾಧಾನವನ್ನು ದೀರ್ಘವಾಗಿ ಬರೆಯುವುದಕ್ಕಿಂತ ಒಪ್ಪಂದದ ಷರತ್ತು, ಪತ್ರವ್ಯವಹಾರ, ಬೆಲೆಪಟ್ಟಿ, ಪರದೆಯ ಚಿತ್ರ ಮುಂತಾದ ದಾಖಲೆಗಳನ್ನು ದಿನಾಂಕವಾರು ಲಗತ್ತಿಸುವುದು ಹೆಚ್ಚು ಉಪಯುಕ್ತ. ಮೇಲ್ನೋಟಕ್ಕೆ ಉಲ್ಲಂಘನೆ ಕಂಡುಬಾರದಿದ್ದಲ್ಲಿ ಆಯೋಗವು ತನಿಖೆಗೆ ಆದೇಶಿಸದೆಯೇ ಪ್ರಕರಣವನ್ನು ಮುಕ್ತಾಯಗೊಳಿಸುತ್ತದೆ.

ಕೊಂಡ ಕಂಪ್ಯೂಟರ್ ಕೆಟ್ಟಿದ್ದು, ವಾರಂಟಿ ಅವಧಿಯಲ್ಲಿ ದುರಸ್ತಿ ಮಾಡಿಕೊಡದಿರುವುದು, ಹಣ ಹಿಂದಿರುಗಿಸದಿರುವುದು ಮೊದಲಾದ ವೈಯಕ್ತಿಕ ದೂರುಗಳನ್ನು ಸಾಮಾನ್ಯವಾಗಿ ಗ್ರಾಹಕರ ವ್ಯಾಜ್ಯಗಳೆಂದೇ ಪರಿಗಣಿಸಲಾಗುತ್ತದೆ. ಅಂತಹವುಗಳಿಗೆ ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರ ಮೇರೆಗೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವನ್ನು ಅಥವಾ ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ 1915 ಅನ್ನು ಸಂಪರ್ಕಿಸಬಹುದಾಗಿದೆ.