ಬಳಸಿದ ಕಂಪ್ಯೂಟರ್ ಆಟಗಳ ಮರುಮಾರಾಟ ಮತ್ತು ಖಾತೆ ನೋಂದಣಿ

ಬಳಸಿದ ಕಂಪ್ಯೂಟರ್ ಆಟಗಳ ಮರುಮಾರಾಟ ಎಂದರೆ ಒಬ್ಬರು ಹಣ ಕೊಟ್ಟು ಕೊಂಡ ಆಟದ ಪ್ರತಿಯನ್ನು ಕಡಿಮೆ ಬೆಲೆಗೆ ಮತ್ತೊಬ್ಬರಿಗೆ ಮಾರುವುದು. ಪುಸ್ತಕ ಮತ್ತು ಧ್ವನಿಮುದ್ರಿಕೆಗಳಂತೆ ಆಟಗಳ ತಟ್ಟೆಗಳೂ ಬಹುಕಾಲ ಹೀಗೆ ಕೈಯಿಂದ ಕೈಗೆ ಸಾಗುತ್ತಿದ್ದವು. 2000ದ ದಶಕದ ಮಧ್ಯಭಾಗದಿಂದ ಅನೇಕ ಆಟಗಳು ಆಡುವ ಮೊದಲು ಅಂತರಜಾಲದ ಮೂಲಕ ಒಂದು ಖಾತೆಗೆ ನೋಂದಣಿಯಾಗುವುದನ್ನು ಕಡ್ಡಾಯಗೊಳಿಸಿದವು. ಇಂತಹ ಆಟ ಒಮ್ಮೆ ಒಂದು ಖಾತೆಗೆ ಸೇರಿದರೆ ಸಾಮಾನ್ಯವಾಗಿ ಮತ್ತೊಂದು ಖಾತೆಗೆ ಸೇರುವುದಿಲ್ಲ. ಆದ್ದರಿಂದ ಬಳಸಿದ ಪ್ರತಿಯನ್ನು ಕೊಂಡವರಿಗೆ ತಟ್ಟೆ ದೊರೆತರೂ ಆಟ ಆಡುವ ಅನುಮತಿ ದೊರೆಯದೆ ಹೋಗಬಹುದು. ವಸ್ತುವಿನ ಒಡೆತನ ಹಾಗೂ ಅದನ್ನು ಬಳಸುವ ಅನುಮತಿ ಬೇರೆಬೇರೆಯಾಗುವ ಈ ಸ್ಥಿತಿ ಹಲವು ದೇಶಗಳ ನ್ಯಾಯಾಲಯಗಳಲ್ಲಿ ವಿವಾದಕ್ಕೆ ಕಾರಣವಾಗಿದೆ.

ಹಿನ್ನೆಲೆ

ಕೃತಿಸ್ವಾಮ್ಯವಿರುವ ಕೃತಿಯ ಒಂದು ಪ್ರತಿಯನ್ನು ನ್ಯಾಯಬದ್ಧವಾಗಿ ಮಾರಿದ ಮೇಲೆ ಆ ಪ್ರತಿಯ ಮುಂದಿನ ಮಾರಾಟವನ್ನು ಕೃತಿಸ್ವಾಮ್ಯದ ಒಡೆಯರು ತಡೆಯಲಾಗದು ಎಂಬ ನಿಯಮಕ್ಕೆ ಪ್ರಥಮ ಮಾರಾಟ ತತ್ವ ಎಂದು ಹೆಸರು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1908ರಲ್ಲಿ ಬಾಬ್ಸ್-ಮೆರಿಲ್ ಪ್ರಕರಣದಲ್ಲಿ ಇದನ್ನು ಎತ್ತಿಹಿಡಿಯಿತು. ಪುಸ್ತಕವನ್ನು ಒಂದು ಡಾಲರಿಗಿಂತ ಕಡಿಮೆ ಬೆಲೆಗೆ ಮಾರಬಾರದೆಂದು ಪ್ರಕಾಶಕರು ಅದರಲ್ಲಿ ಮುದ್ರಿಸಿದ್ದ ಸೂಚನೆಯು ನಂತರದ ಮಾರಾಟಗಾರರನ್ನು ಕೃತಿಸ್ವಾಮ್ಯದ ಬಲದಿಂದ ಕಟ್ಟಿಹಾಕಲಾರದು ಎಂದು ನ್ಯಾಯಾಲಯ ಹೇಳಿತು. ಯುರೋಪಿನಲ್ಲಿ ಇದೇ ತತ್ವವನ್ನು ವಿತರಣಾ ಹಕ್ಕಿನ ಮುಕ್ತಾಯ ಎನ್ನಲಾಗುತ್ತದೆ. ಜಪಾನಿನ ಸರ್ವೋಚ್ಚ ನ್ಯಾಯಾಲಯವು 2002ರ ಏಪ್ರಿಲ್ 25ರಂದು ನೀಡಿದ ತೀರ್ಪಿನಲ್ಲಿ ಬಳಸಿದ ವಿಡಿಯೋ ಆಟಗಳ ಮಾರಾಟಕ್ಕೂ ಈ ತತ್ವ ಅನ್ವಯಿಸುತ್ತದೆ ಎಂದು ಒಪ್ಪಿತು.

ಆರಂಭದ ನಕಲು ತಡೆ ವಿಧಾನಗಳು ಮರುಮಾರಾಟಕ್ಕೆ ಅಷ್ಟಾಗಿ ಅಡ್ಡಿಯಾಗಲಿಲ್ಲ. ಕೈಪಿಡಿಯ ಒಂದು ಪುಟದ ಪದವನ್ನು ಕೇಳುವ ಅಥವಾ ಮೂಲ ತಟ್ಟೆ ಯಂತ್ರದಲ್ಲಿದೆಯೇ ಎಂದು ಪರೀಕ್ಷಿಸುವ ಆಟಗಳನ್ನು ಕೈಪಿಡಿ ಮತ್ತು ತಟ್ಟೆಯೊಂದಿಗೆ ಮಾರಿದರೆ ಸಾಕಾಗುತ್ತಿತ್ತು. 1990ರ ದಶಕದಲ್ಲಿ ಪೆಟ್ಟಿಗೆಯೊಳಗೆ ಮುದ್ರಿಸಿದ ಕೀಲಿಸಂಖ್ಯೆ ಬಳಕೆಗೆ ಬಂದಿತು. 1998ರ ಸ್ಟಾರ್‌ಕ್ರಾಫ್ಟ್ ಆಟದಲ್ಲಿ ಒಂದೇ ಕೀಲಿಸಂಖ್ಯೆಯಿಂದ ಇಬ್ಬರು ಏಕಕಾಲಕ್ಕೆ ಬ್ಯಾಟಲ್.ನೆಟ್ ಸೇವೆಯನ್ನು ಪ್ರವೇಶಿಸುವಂತಿರಲಿಲ್ಲ. ಆದರೂ ಕೀಲಿಸಂಖ್ಯೆ ಯಾವ ವ್ಯಕ್ತಿಗೂ ಅಂಟಿಕೊಂಡಿರಲಿಲ್ಲ. ಮಾರಿದವರು ಆಡುವುದನ್ನು ನಿಲ್ಲಿಸಿದರೆ ಕೊಂಡವರು ಆಡಬಹುದಿತ್ತು.

ವಾಲ್ವ್ ಸಂಸ್ಥೆಯು 2003ರ ಸೆಪ್ಟೆಂಬರ್ 12ರಂದು ಸ್ಟೀಮ್ ಎಂಬ ವಿತರಣಾ ಸೇವೆಯನ್ನು ಆರಂಭಿಸಿತು. 2004ರ ನವೆಂಬರ್ 16ರಂದು ಬಿಡುಗಡೆಯಾದ ಹಾಫ್-ಲೈಫ್ 2 ಆಟವನ್ನು ಅಂಗಡಿಯಲ್ಲಿ ಪೆಟ್ಟಿಗೆಯಾಗಿ ಕೊಂಡವರೂ ಸ್ಟೀಮ್ ಖಾತೆ ತೆರೆದು ಕೀಲಿಸಂಖ್ಯೆಯನ್ನು ಅದಕ್ಕೆ ಸೇರಿಸಬೇಕಾಯಿತು. ಒಬ್ಬರೇ ಆಡುವ ಭಾಗಕ್ಕೂ ಈ ನಿಯಮ ಅನ್ವಯಿಸುತ್ತಿತ್ತು. ಖಾತೆಯನ್ನು ಇತರರಿಗೆ ವರ್ಗಾಯಿಸಬಾರದೆಂದು ಸೇವೆಯ ಒಪ್ಪಂದ ಹೇಳುತ್ತಿತ್ತು. ಇದೇ ಮಾದರಿ ಮುಂದೆ ಕಂಪ್ಯೂಟರ್ ಆಟಗಳಲ್ಲಿ ಸಾಮಾನ್ಯವಾಯಿತು.

ನೋಂದಣಿಯ ವಿಧಗಳು

ಬಳಸಿದ ಪ್ರತಿ ಉಪಯೋಗಕ್ಕೆ ಬರುವುದೇ ಇಲ್ಲವೇ ಎಂಬುದು ಆಟದ ಕೀಲಿ ಎಲ್ಲಿದೆ ಎಂಬುದನ್ನು ಅವಲಂಬಿಸಿದೆ. ಬಳಕೆಯಲ್ಲಿರುವ ಮುಖ್ಯ ವಿಧಗಳು ಹೀಗಿವೆ.

ಖಾತೆಗೆ ಕಾಯಂ ಜೋಡಣೆ: ಕೀಲಿಸಂಖ್ಯೆಯನ್ನು ನಮೂದಿಸಿದ ಕೂಡಲೇ ಪ್ರಕಾಶಕರ ಸರ್ವರ್ ಅದನ್ನು ಬಳಕೆಯಾಗಿದೆ ಎಂದು ಗುರುತಿಸಿ ಆ ಖಾತೆಯ ಹೆಸರಿನಲ್ಲಿ ದಾಖಲಿಸುತ್ತದೆ. ಎರಡನೆಯ ಬಾರಿ ನಮೂದಿಸಿದರೆ ತಿರಸ್ಕರಿಸುತ್ತದೆ. ನಂತರ ತಟ್ಟೆಯು ಆಟದ ಕಡತಗಳನ್ನು ಹೊತ್ತ ಸಾಧನ ಮಾತ್ರವಾಗಿ ಉಳಿಯುತ್ತದೆ.

ಸೀಮಿತ ಸಕ್ರಿಯಗೊಳಿಸುವಿಕೆ: ಒಂದು ಕೀಲಿಸಂಖ್ಯೆಯಿಂದ ಇಂತಿಷ್ಟು ಬಾರಿ ಮಾತ್ರ ಆಟವನ್ನು ಸಕ್ರಿಯಗೊಳಿಸಬಹುದು. 2008ರಲ್ಲಿ ಬಂದ ಸ್ಪೋರ್ ಆಟ ಆರಂಭದಲ್ಲಿ ಮೂರು ಸಕ್ರಿಯಗೊಳಿಸುವಿಕೆಗಳಿಗೆ ಅವಕಾಶ ನೀಡಿತ್ತು. ಆಟಗಾರರ ತೀವ್ರ ವಿರೋಧದ ನಂತರ ಇದನ್ನು ಐದಕ್ಕೆ ಏರಿಸಲಾಯಿತು. ಇಂತಹ ಪ್ರತಿಯಲ್ಲಿ ಎಷ್ಟು ಅವಕಾಶಗಳು ಉಳಿದಿವೆ ಎಂಬುದು ಪೆಟ್ಟಿಗೆಯನ್ನು ನೋಡಿದರೆ ತಿಳಿಯುವುದಿಲ್ಲ.

ಸದಾ ಸಂಪರ್ಕ: ಆಡುವಷ್ಟು ಹೊತ್ತೂ ಆಟವು ಸರ್ವರ್ ಜೊತೆ ಸಂಪರ್ಕದಲ್ಲಿರಬೇಕು. 2012ರ ಮೇ ತಿಂಗಳಲ್ಲಿ ಬಂದ ಡಯಾಬ್ಲೊ 3 ಆಟದ ಕಂಪ್ಯೂಟರ್ ಆವೃತ್ತಿ ಇದಕ್ಕೆ ಉದಾಹರಣೆ. ಸರ್ವರ್ ಮುಚ್ಚಿದರೆ ಇಂತಹ ಆಟಗಳ ಹೊಸ ಪ್ರತಿಯೂ ನಿರುಪಯುಕ್ತವಾಗುತ್ತದೆ. ಯೂಬಿಸಾಫ್ಟ್ ಸಂಸ್ಥೆಯ ದಿ ಕ್ರೂ ಆಟದ ಸರ್ವರ್‌ಗಳನ್ನು 2024ರ ಮಾರ್ಚ್ 31ರಂದು ಮುಚ್ಚಿದಾಗ ಹೀಗೆಯೇ ಆಯಿತು.

ಭಾಗಶಃ ಜೋಡಣೆ: ಆಟದ ಮುಖ್ಯ ಭಾಗ ತಟ್ಟೆಯಿಂದಲೇ ನಡೆಯುತ್ತದೆ. ಹೆಚ್ಚುವರಿ ಭಾಗಗಳಿಗೆ ಅಥವಾ ಅಂತರಜಾಲದ ಮೂಲಕ ಇತರರೊಂದಿಗೆ ಆಡುವುದಕ್ಕೆ ಮಾತ್ರ ಒಮ್ಮೆ ಬಳಸುವ ಸಂಕೇತ ಬೇಕಾಗುತ್ತದೆ.

ವಸ್ತುವಿನಲ್ಲಿಯೇ ಕೀಲಿ: ಕನ್ಸೋಲ್‌ಗಳ ತಟ್ಟೆ ಮತ್ತು ಕಾರ್ಟ್ರಿಜ್‌ಗಳು ಸಾಮಾನ್ಯವಾಗಿ ಈ ಬಗೆಯವು. 2025ರ ಜೂನ್‌ನಲ್ಲಿ ಬಂದ ನಿಂಟೆಂಡೊ ಸ್ವಿಚ್ 2 ಕನ್ಸೋಲ್‌ನ ಕೀಲಿ ಕಾರ್ಡುಗಳಲ್ಲಿ ಆಟದ ಪೂರ್ಣ ಕಡತಗಳಿರುವುದಿಲ್ಲ. ಮೊದಲ ಬಾರಿ ಅವುಗಳನ್ನು ಅಂತರಜಾಲದಿಂದ ಇಳಿಸಿಕೊಳ್ಳಬೇಕು. ಆದರೆ ಅನುಮತಿಯು ಖಾತೆಯಲ್ಲಿರದೆ ಕಾರ್ಡಿನಲ್ಲಿಯೇ ಇರುವುದರಿಂದ ಅದನ್ನು ಮರುಮಾರಾಟ ಮಾಡಬಹುದು. ತಟ್ಟೆಯಲ್ಲಿ ಆಟವಿದ್ದರೂ ಆಡಲಾಗದ ಸ್ಥಿತಿಗೆ ಇದು ತದ್ವಿರುದ್ಧವಾದುದು.

ಕನ್ಸೋಲ್ ಆಟಗಳಲ್ಲಿನ ಪ್ರಯತ್ನಗಳು

ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಯು 2010ರಲ್ಲಿ ತನ್ನ ಕ್ರೀಡಾ ಆಟಗಳಿಗೆ ಆನ್‌ಲೈನ್ ಪಾಸ್ ಪದ್ಧತಿಯನ್ನು ಜಾರಿಗೆ ತಂದಿತು. ಹೊಸ ಪ್ರತಿಯೊಂದಿಗೆ ಒಮ್ಮೆ ಬಳಸುವ ಸಂಕೇತ ಉಚಿತವಾಗಿ ಬರುತ್ತಿತ್ತು. ಬಳಸಿದ ಪ್ರತಿ ಕೊಂಡವರು ಅಂತರಜಾಲದಲ್ಲಿ ಆಡಲು 10 ಡಾಲರ್ ತೆರಬೇಕಿತ್ತು. ಯೂಬಿಸಾಫ್ಟ್ ಮತ್ತು ಸೋನಿ ಸಂಸ್ಥೆಗಳೂ 2011ರಲ್ಲಿ ಇದೇ ಬಗೆಯ ಪದ್ಧತಿಗಳನ್ನು ತಂದವು. ಆಟಗಾರರ ಅಸಮಾಧಾನದ ನಡುವೆ ಎಲೆಕ್ಟ್ರಾನಿಕ್ ಆರ್ಟ್ಸ್ 2013ರಲ್ಲಿ ಇದನ್ನು ಕೈಬಿಟ್ಟಿತು.

ಮೈಕ್ರೋಸಾಫ್ಟ್ ಸಂಸ್ಥೆಯು 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಕನ್ಸೋಲ್‌ಗಾಗಿ ಇನ್ನೂ ಕಟ್ಟುನಿಟ್ಟಾದ ನಿಯಮಗಳನ್ನು ಪ್ರಕಟಿಸಿತು. ಕನ್ಸೋಲ್ 24 ಗಂಟೆಗಳಿಗೊಮ್ಮೆ ಅಂತರಜಾಲಕ್ಕೆ ಸಂಪರ್ಕ ಪಡೆಯಬೇಕಿತ್ತು. ಆಟಗಳ ಮರುಮಾರಾಟಕ್ಕೆ ಅವಕಾಶ ನೀಡುವ ನಿರ್ಧಾರ ಪ್ರಕಾಶಕರಿಗೆ ಸೇರಿತ್ತು. ವ್ಯಾಪಕ ವಿರೋಧ ವ್ಯಕ್ತವಾದ ಮೇಲೆ ಅದೇ ವರ್ಷದ ಜೂನ್ 19ರಂದು ಸಂಸ್ಥೆ ಈ ನಿಯಮಗಳನ್ನು ಹಿಂತೆಗೆದುಕೊಂಡಿತು.

ಕಾನೂನಿನ ಸ್ಥಿತಿ

ಅಮೆರಿಕ: ಒಂಬತ್ತನೆಯ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯವು 2010ರಲ್ಲಿ ವರ್ನರ್ ವಿರುದ್ಧ ಆಟೋಡೆಸ್ಕ್ ಪ್ರಕರಣದಲ್ಲಿ, ತಂತ್ರಾಂಶವನ್ನು ಪರವಾನಗಿಯಾಗಿ ಮಾತ್ರ ನೀಡಿ ವರ್ಗಾವಣೆ ಹಾಗೂ ಬಳಕೆಯ ಮೇಲೆ ಗಣನೀಯ ನಿರ್ಬಂಧ ಹೇರಿದ್ದರೆ ಕೊಂಡವರು ಪ್ರತಿಯ ಒಡೆಯರಾಗುವುದಿಲ್ಲ ಎಂದಿತು. ಒಡೆತನವಿಲ್ಲದ ಕಡೆ ಪ್ರಥಮ ಮಾರಾಟ ತತ್ವ ಅನ್ವಯಿಸುವುದಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2025ರ ಜನವರಿ 1ರಿಂದ ಜಾರಿಯಾದ ಕಾಯ್ದೆಯ ಪ್ರಕಾರ, ಹಿಂತೆಗೆದುಕೊಳ್ಳಬಹುದಾದ ಪರವಾನಗಿಯನ್ನು ಮಾರುವ ಡಿಜಿಟಲ್ ಮಳಿಗೆಗಳು ಆ ವಿಷಯವನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕು. ಈ ಕಾಯ್ದೆ ಮರುಮಾರಾಟದ ಹಕ್ಕನ್ನು ನೀಡುವುದಿಲ್ಲ.

ಜರ್ಮನಿ: ಗ್ರಾಹಕ ಸಂಘಗಳ ಒಕ್ಕೂಟವು ವಾಲ್ವ್ ವಿರುದ್ಧ ಹೂಡಿದ ದಾವೆಯಲ್ಲಿ ಸಂಯುಕ್ತ ನ್ಯಾಯಾಲಯವು 2010ರ ಫೆಬ್ರವರಿ 11ರಂದು ತೀರ್ಪು ನೀಡಿತು. ಹಾಫ್-ಲೈಫ್ 2 ತಟ್ಟೆಯನ್ನು ಮಾರಲು ಯಾವ ತಡೆಯೂ ಇಲ್ಲ, ಖಾತೆಯಿಲ್ಲದ ತಟ್ಟೆಯನ್ನು ಕೊಳ್ಳಲು ಯಾರಿಗೂ ಆಸಕ್ತಿ ಇರದಿದ್ದರೂ ಅದರಿಂದ ವಿತರಣಾ ಹಕ್ಕಿನ ಮುಕ್ತಾಯದ ತತ್ವಕ್ಕೆ ಭಂಗ ಬರುವುದಿಲ್ಲ ಎಂಬುದು ಅದರ ಸಾರ.

ಯುರೋಪಿಯನ್ ಒಕ್ಕೂಟ: ಒಕ್ಕೂಟದ ನ್ಯಾಯಾಲಯವು 2012ರ ಜುಲೈ 3ರಂದು ಯೂಸ್ಡ್‌ಸಾಫ್ಟ್ ವಿರುದ್ಧ ಒರಾಕಲ್ ಪ್ರಕರಣದಲ್ಲಿ, ಕಾಲಮಿತಿಯಿಲ್ಲದ ಪರವಾನಗಿಯೊಂದಿಗೆ ಅಂತರಜಾಲದಿಂದ ಇಳಿಸಿಕೊಂಡ ತಂತ್ರಾಂಶವನ್ನೂ ಮರುಮಾರಾಟ ಮಾಡಬಹುದು ಎಂದಿತು. ಮಾರುವವರು ತಮ್ಮಲ್ಲಿರುವ ಪ್ರತಿಯನ್ನು ನಿರುಪಯುಕ್ತಗೊಳಿಸಬೇಕೆಂಬುದು ಷರತ್ತು. ಆದರೆ 2019ರ ಡಿಸೆಂಬರ್ 19ರ ಟಾಮ್ ಕ್ಯಾಬಿನೆಟ್ ತೀರ್ಪಿನಲ್ಲಿ ವಿದ್ಯುನ್ಮಾನ ಪುಸ್ತಕಗಳಿಗೆ ಈ ನಿಯಮ ಅನ್ವಯಿಸದು ಎಂದು ಅದೇ ನ್ಯಾಯಾಲಯ ಹೇಳಿತು. ಹಾಗಾಗಿ ಆಟವೆಂಬುದು ತಂತ್ರಾಂಶವೋ ಅಥವಾ ಚಿತ್ರ, ಸಂಗೀತ, ಕಥೆಗಳನ್ನು ಒಳಗೊಂಡ ಕೃತಿಯೋ ಎಂಬ ಪ್ರಶ್ನೆ ಮುಖ್ಯವಾಯಿತು.

ಫ್ರಾನ್ಸ್: ಗ್ರಾಹಕ ಸಂಘಟನೆ ಯುಎಫ್‌ಸಿ-ಕ ಶ್ವಾಜೀರ್ ಹೂಡಿದ ದಾವೆಯಲ್ಲಿ ಪ್ಯಾರಿಸ್‌ನ ನ್ಯಾಯಾಲಯವು 2019ರ ಸೆಪ್ಟೆಂಬರ್‌ನಲ್ಲಿ ಸ್ಟೀಮ್ ಆಟಗಳ ಮರುಮಾರಾಟವನ್ನು ನಿಷೇಧಿಸುವ ಷರತ್ತು ಅಸಿಂಧು ಎಂದಿತು. 2022ರ ಅಕ್ಟೋಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಇದನ್ನು ರದ್ದುಪಡಿಸಿತು. ಆಟವು ಕೇವಲ ತಂತ್ರಾಂಶವಲ್ಲ, ಸಂಕೀರ್ಣ ಕೃತಿ ಎಂಬ ನಿಲುವಿನೊಂದಿಗೆ ದೇಶದ ಅತ್ಯುನ್ನತ ನ್ಯಾಯಾಲಯವು 2024ರ ಅಕ್ಟೋಬರ್ 23ರಂದು ಮೇಲ್ಮನವಿ ನ್ಯಾಯಾಲಯದ ತೀರ್ಪನ್ನು ಎತ್ತಿಹಿಡಿಯಿತು.

ಭಾರತ: 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಕಂಪ್ಯೂಟರ್ ತಂತ್ರಾಂಶವು ಸಾಹಿತ್ಯ ಕೃತಿಯ ವ್ಯಾಖ್ಯೆಯಲ್ಲಿ ಸೇರುತ್ತದೆ. ಪ್ರತಿಯು ಹಿಂದೆ ಮಾರಾಟವಾಗಿದ್ದರೂ ಅದರ ಮುಂದಿನ ಮಾರಾಟದ ಮೇಲೆ ಕೃತಿಸ್ವಾಮ್ಯದ ಒಡೆಯರಿಗೆ ಹಕ್ಕಿದೆ ಎಂಬ ಅರ್ಥದ ಪದಗಳು 14ನೆಯ ಕಲಮಿನಲ್ಲಿದ್ದವು. 1999ರ ತಿದ್ದುಪಡಿ ಅವನ್ನು ತೆಗೆದುಹಾಕಿತು. ಸರ್ವೋಚ್ಚ ನ್ಯಾಯಾಲಯವು 2021ರ ಮಾರ್ಚ್ 2ರಂದು ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಪ್ರಕರಣದಲ್ಲಿ ಈ ಬದಲಾವಣೆಯನ್ನು ಚರ್ಚಿಸಿತು. ವಿದೇಶಿ ಸಂಸ್ಥೆಗಳಿಗೆ ತಂತ್ರಾಂಶಕ್ಕಾಗಿ ನೀಡುವ ಹಣವು ಗೌರವಧನವೆಂದು ಕರ್ನಾಟಕ ಉಚ್ಚ ನ್ಯಾಯಾಲಯ ತಳೆದಿದ್ದ ನಿಲುವನ್ನು ಈ ತೀರ್ಪು ತಳ್ಳಿಹಾಕಿ, ಪ್ರತಿಯ ಮಾರಾಟ ಬೇರೆ, ಕೃತಿಸ್ವಾಮ್ಯದ ವರ್ಗಾವಣೆ ಬೇರೆ ಎಂದು ವಿವರಿಸಿತು. ಇದು ಆದಾಯ ತೆರಿಗೆಯ ಪ್ರಕರಣ. ಖಾತೆಗೆ ಜೋಡಿಸಿದ ಆಟಗಳ ಮರುಮಾರಾಟ ಇದರ ವಿಷಯವಾಗಿರಲಿಲ್ಲ.

ಪರ ಮತ್ತು ವಿರೋಧ ವಾದಗಳು

ಬಳಸಿದ ಪ್ರತಿಯ ಮಾರಾಟದಿಂದ ಆಟ ರಚಿಸಿದವರಿಗೆ ಏನೂ ದೊರೆಯುವುದಿಲ್ಲ, ಆದರೆ ಆ ಆಟಗಾರರಿಗಾಗಿ ಸರ್ವರ್ ನಡೆಸುವ ವೆಚ್ಚ ಉಳಿದೇ ಇರುತ್ತದೆ ಎಂಬುದು ಪ್ರಕಾಶಕರ ವಾದ. ಪುಸ್ತಕದಂತೆ ಡಿಜಿಟಲ್ ಪ್ರತಿ ಸವೆಯುವುದಿಲ್ಲವಾದ್ದರಿಂದ ಬಳಸಿದ ಪ್ರತಿಯು ಹೊಸದಕ್ಕೆ ನೇರ ಪೈಪೋಟಿ ನೀಡುತ್ತದೆ ಎಂದೂ ಅವರು ಹೇಳುತ್ತಾರೆ. ನೋಂದಣಿಯಿಂದ ಅನಧಿಕೃತ ನಕಲು ಮತ್ತು ಆಟದಲ್ಲಿನ ಮೋಸವನ್ನು ತಡೆಯಬಹುದು ಎಂಬುದು ಇನ್ನೊಂದು ಸಮರ್ಥನೆ.

ಪ್ರತಿ ಕೈ ಬದಲಾದಾಗ ಮಾರಿದವರು ಆಡುವುದನ್ನು ನಿಲ್ಲಿಸುವುದರಿಂದ ಸರ್ವರ್ ಮೇಲಿನ ಹೊರೆ ಹೆಚ್ಚುವುದಿಲ್ಲ ಎಂಬುದು ಗ್ರಾಹಕ ಸಂಘಟನೆಗಳ ಮತ್ತು ಆಟಗಾರರ ಉತ್ತರ. ಹಳೆಯ ಆಟ ಮಾರಿದ ಹಣ ಹೊಸ ಆಟದ ಖರೀದಿಗೆ ನೆರವಾಗುತ್ತದೆ. ಪೂರ್ಣ ಬೆಲೆ ತೆರಲಾಗದ ವಿದ್ಯಾರ್ಥಿಗಳು ಮತ್ತು ಕಡಿಮೆ ಆದಾಯದವರು ನ್ಯಾಯಬದ್ಧವಾಗಿ ಆಟ ಪಡೆಯುವ ದಾರಿ ಖಾತೆ ಜೋಡಣೆಯಿಂದ ಮುಚ್ಚಿಹೋಗುತ್ತದೆ. ಗ್ರಂಥಾಲಯ ಮತ್ತು ವಸ್ತುಸಂಗ್ರಹಾಲಯಗಳು ಹಳೆಯ ಆಟಗಳನ್ನು ಸಂರಕ್ಷಿಸುವುದೂ ಕಷ್ಟವಾಗುತ್ತದೆ.

ಬಳಸಿದ ಪ್ರತಿಯ ಖರೀದಿಯಲ್ಲಿ ಗಮನಿಸುವ ಅಂಶಗಳು

ಖಾತೆ ಅಗತ್ಯವಿರುವ ಆಟಗಳ ಪೆಟ್ಟಿಗೆಯ ಹಿಂಬದಿಯಲ್ಲಿ, ಯಂತ್ರದ ಅಗತ್ಯಗಳ ಪಟ್ಟಿಯ ಬಳಿ ಅಂತರಜಾಲ ಸಂಪರ್ಕ ಮತ್ತು ಖಾತೆ ಬೇಕೆಂಬ ಸೂಚನೆ ಸಾಮಾನ್ಯವಾಗಿ ಸಣ್ಣ ಅಕ್ಷರಗಳಲ್ಲಿರುತ್ತದೆ. ಇಂತಹ ಸೂಚನೆಯಿರುವ ಕಂಪ್ಯೂಟರ್ ಆಟದ ಪೆಟ್ಟಿಗೆ ತೆರೆದಿದ್ದರೆ ಕೀಲಿಸಂಖ್ಯೆ ಬಳಕೆಯಾಗಿರುವ ಸಾಧ್ಯತೆ ಹೆಚ್ಚು. ಕೀಲಿಸಂಖ್ಯೆ ಬಳಕೆಯಾಗಿದೆಯೇ ಎಂಬುದು ಪ್ರಕಾಶಕರ ಸರ್ವರ್‌ಗೆ ಮಾತ್ರ ತಿಳಿದಿರುತ್ತದೆ. ಅದನ್ನು ನಮೂದಿಸಿ ನೋಡುವವರೆಗೆ ಖಚಿತಪಡಿಸಿಕೊಳ್ಳುವುದು ಕಷ್ಟ. ಆದ್ದರಿಂದ ಕೀಲಿಸಂಖ್ಯೆ ತಿರಸ್ಕೃತವಾದರೆ ಹಣ ಹಿಂದಿರುಗಿಸುವ ಒಪ್ಪಂದ ಮಾರಾಟಕ್ಕೆ ಮೊದಲೇ ಆಗಿರುವುದು ಕೊಳ್ಳುವವರಿಗೆ ಮುಖ್ಯ ರಕ್ಷಣೆ.

ಆಟದ ಬದಲು ಇಡೀ ಖಾತೆಯನ್ನೇ ಗುಪ್ತಪದದೊಂದಿಗೆ ಮಾರುವುದೂ ಉಂಟು. ಇದು ಹೆಚ್ಚಿನ ಸೇವೆಗಳ ಒಪ್ಪಂದಕ್ಕೆ ವಿರುದ್ಧವಾದುದರಿಂದ ಸಂಸ್ಥೆಯು ಖಾತೆಯನ್ನು ಮುಚ್ಚಬಹುದು. ಮೊದಲು ಖಾತೆ ತೆರೆದವರು ಹಳೆಯ ಮಿಂಚಂಚೆ ವಿಳಾಸ ಅಥವಾ ಪಾವತಿಯ ದಾಖಲೆ ತೋರಿಸಿ ಅದನ್ನು ಮರಳಿ ಪಡೆಯುವ ಸಾಧ್ಯತೆಯೂ ಇದೆ. ಆಗ ಕೊಂಡವರು ಹಣ ಮತ್ತು ಆಟ ಎರಡನ್ನೂ ಕಳೆದುಕೊಳ್ಳುತ್ತಾರೆ.

ಕನ್ಸೋಲ್ ತಟ್ಟೆಗಳಲ್ಲಿ ಈ ಅಪಾಯ ಕಡಿಮೆ. ಆದರೆ ಹೆಚ್ಚುವರಿ ಭಾಗಗಳ ಸಂಕೇತಗಳು ಬಳಕೆಯಾಗಿರಬಹುದು. ಅಂತರಜಾಲದಲ್ಲಿ ಮಾತ್ರ ಆಡುವ ಆಟವಾದರೆ ಅದರ ಸರ್ವರ್ ಇನ್ನೂ ಕಾರ್ಯನಿರ್ವಹಿಸುತ್ತಿದೆಯೇ ಎಂಬುದನ್ನೂ ನೋಡಬೇಕಾಗುತ್ತದೆ.

ಪರ್ಯಾಯಗಳು

2008ರಲ್ಲಿ ಆರಂಭವಾದ ಪೋಲೆಂಡಿನ ಜಿಒಜಿ ಮಳಿಗೆಯು ನಕಲು ತಡೆ ಬೀಗವಿಲ್ಲದ ಆಟಗಳನ್ನು ಮಾರುತ್ತದೆ. ಅಲ್ಲಿ ಕೊಳ್ಳಲು ಖಾತೆ ಬೇಕಾದರೂ ಇಳಿಸಿಕೊಂಡ ಸ್ಥಾಪನಾ ಕಡತವು ಖಾತೆಯ ಪರಿಶೀಲನೆಯಿಲ್ಲದೆ ಕೆಲಸ ಮಾಡುತ್ತದೆ. ಆದರೂ ಅಲ್ಲಿನ ಪರವಾನಗಿ ವೈಯಕ್ತಿಕವಾದುದು. ಖಾತೆಗೆ ಸೇರಿದ ಆಟಗಳ ಬೆಲೆಯನ್ನು ಮಳಿಗೆಗಳು ಕಾಲಕಾಲಕ್ಕೆ ಇಳಿಸುವುದರಿಂದ, ಹಳೆಯ ಕಂಪ್ಯೂಟರ್ ಆಟವನ್ನು ಅಗ್ಗವಾಗಿ ಪಡೆಯುವ ರೂಢಿಯ ಮಾರ್ಗ ಈಗ ಬಳಸಿದ ಪ್ರತಿಯಲ್ಲ, ರಿಯಾಯಿತಿ ಮಾರಾಟ. ಆದರೆ ರಿಯಾಯಿತಿಯಲ್ಲಿ ಬೆಲೆಯನ್ನು ನಿರ್ಧರಿಸುವವರು ಪ್ರಕಾಶಕರು ಮತ್ತು ಮಳಿಗೆಯವರು. ಬಳಸಿದ ಪ್ರತಿಯ ಮಾರುಕಟ್ಟೆಯಲ್ಲಿ ಆ ನಿರ್ಧಾರ ಮಾರುವ ಮತ್ತು ಕೊಳ್ಳುವ ಬಳಕೆದಾರರ ಕೈಯಲ್ಲಿತ್ತು.