ಮಳೆಗಾಲದ ಫ್ಲೂ ಜ್ವರ: ತಿಳಿದುಕೊಳ್ಳೋಣ, ತಡೆಗಟ್ಟೋಣ

ಜೂನ್ ತಿಂಗಳಲ್ಲಿ ಮಳೆ ಹಿಡಿದು, ಶಾಲೆಗಳು ತೆರೆದು ಕೆಲವು ವಾರಗಳಾಗುವಷ್ಟರಲ್ಲಿ ನಮ್ಮ ಕರಾವಳಿಯ ಮನೆಮನೆಗಳಲ್ಲಿ ಕೆಮ್ಮು, ಸೀನು, ಜ್ವರ ಶುರುವಾಗುತ್ತದೆ. ಮಳೆಯಲ್ಲಿ ನೆನೆದದ್ದರಿಂದ ಬಂತು ಎಂದು ನಾವು ಹೇಳಿಬಿಡುತ್ತೇವೆ. ನೆನೆದರೆ ಚಳಿಯಾದೀತು, ಆದರೆ ಫ್ಲೂ ಬರುವುದು ವೈರಸ್‌ನಿಂದ, ಅದೂ ಇನ್ನೊಬ್ಬರಿಂದ. ಮಳೆ ಮಾಡುವ ಕೆಲಸ ಬೇರೆ. ಅದು ನಮ್ಮನ್ನು ಒಳಗೆ ಕೂರಿಸುತ್ತದೆ, ಕಿಟಕಿ ಬಾಗಿಲು ಮುಚ್ಚಿಸುತ್ತದೆ. ತರಗತಿಯಲ್ಲಿ, ಶಟರ್ ಇಳಿಸಿದ ಬಸ್ಸಿನಲ್ಲಿ ಒಬ್ಬರು ಕೆಮ್ಮಿದ ಗಾಳಿಯನ್ನೇ ಹತ್ತಾರು ಜನ ಉಸಿರಾಡುತ್ತಾರೆ. ಭಾರತದ ಬಹುಪಾಲು ಊರುಗಳಲ್ಲಿ ಫ್ಲೂ ವರ್ಷಕ್ಕೆ ಎರಡು ಸಲ ಏರುತ್ತದೆ: ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲದಲ್ಲಿ ಮತ್ತೊಮ್ಮೆ.

ಸಾಮಾನ್ಯ ಶೀತವನ್ನೂ ಫ್ಲೂವನ್ನೂ ಒಂದೇ ಎಂದು ತಿಳಿಯುವವರು ಬಹಳ. ಶೀತ ಮೆಲ್ಲಗೆ ಬರುತ್ತದೆ, ಮೂಗು ಸೋರಿಸಿ ಹೋಗುತ್ತದೆ. ಫ್ಲೂ ಹಾಗಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋದವರು ಸಂಜೆ ಚಾಪೆ ಹಿಡಿಯುತ್ತಾರೆ. ಏಕಾಏಕಿ ಜ್ವರ, ತಲೆನೋವು, ಮೈಕೈ ಮುರಿದಂತೆ ನೋವು, ಒಣ ಕೆಮ್ಮು, ಎದ್ದು ನಿಲ್ಲಲಾರದ ಸುಸ್ತು. ವೈರಸ್ ದೇಹ ಸೇರಿದ ಒಂದರಿಂದ ನಾಲ್ಕು ದಿನಗಳಲ್ಲಿ ಲಕ್ಷಣಗಳು ಕಾಣಿಸುತ್ತವೆ. ಆದರೆ ರೋಗಿಯು ಲಕ್ಷಣ ತೋರುವ ಒಂದು ದಿನ ಮೊದಲೇ ಇತರರಿಗೆ ಹರಡಲು ಆರಂಭಿಸಿರುತ್ತಾನೆ. ನಂತರವೂ ಐದರಿಂದ ಏಳು ದಿನ ಹರಡುತ್ತಾನೆ, ಮಕ್ಕಳು ಇನ್ನೂ ಹೆಚ್ಚು ದಿನ.

ಪ್ರತಿ ವರ್ಷ ಫ್ಲೂ ಯಾಕೆ ಬರಬೇಕು, ಒಮ್ಮೆ ಬಂದರೆ ಸಾಲದೇ ಎಂದು ಕೇಳಬಹುದು. ಈ ವೈರಸ್ ತನ್ನ ಹೊರಮೈಯನ್ನು ಸದಾ ಬದಲಿಸುತ್ತಿರುತ್ತದೆ. ಕಳೆದ ವರ್ಷ ಅದನ್ನು ಗುರುತಿಸಲು ಕಲಿತ ನಮ್ಮ ದೇಹ ಈ ವರ್ಷ ಹೊಸ ವೇಷದಲ್ಲಿ ಬಂದದ್ದನ್ನು ಸರಿಯಾಗಿ ಗುರುತಿಸುವುದಿಲ್ಲ. ಎಚ್1ಎನ್1, ಎಚ್3ಎನ್2 ಎಂಬ ಹೆಸರುಗಳು ಆ ಹೊರಮೈಯ ಎರಡು ಪ್ರೋಟೀನ್‌ಗಳ ಗುರುತು. 2009ರಲ್ಲಿ ಜಗತ್ತನ್ನೇ ಹೆದರಿಸಿದ 'ಹಂದಿ ಜ್ವರ'ವೂ ಎಚ್1ಎನ್1 ಫ್ಲೂವೇ. ವಿಶ್ವ ಆರೋಗ್ಯ ಸಂಸ್ಥೆ 2010ರ ಆಗಸ್ಟ್‌ನಲ್ಲಿ ಆ ಸಾಂಕ್ರಾಮಿಕ ಮುಗಿಯಿತೆಂದು ಸಾರಿತು. ವೈರಸ್ ಮಾತ್ರ ಹೋಗದೆ, ಋತುಮಾನದ ಫ್ಲೂಗಳಲ್ಲಿ ಒಂದಾಗಿ ನಮ್ಮ ನಡುವೆಯೇ ಉಳಿದಿದೆ. ಅಂದಹಾಗೆ, ಹಂದಿಮಾಂಸ ತಿಂದರೆ ಈ ಜ್ವರ ಬರುವುದಿಲ್ಲ. ಹಬ್ಬದೂಟದ ಸಾನ್ನಾಂ, ಬಫಾತಿನ ಮೇಲೆ ಯಾರೂ ಸಂಶಯಪಡಬೇಕಾಗಿಲ್ಲ.

ಹೆಚ್ಚಿನವರಿಗೆ ಒಂದು ವಾರದಲ್ಲಿ ಗುಣವಾಗುತ್ತದೆ. ಹಾಗಾಗಿಯೇ ನಾವು ಇದನ್ನು ಹಗುರವಾಗಿ ಕಾಣುತ್ತೇವೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಋತುಮಾನದ ಫ್ಲೂವಿನ ಉಸಿರಾಟದ ತೊಂದರೆಗಳಿಂದ ಜಗತ್ತಿನಲ್ಲಿ ವರ್ಷಕ್ಕೆ 2 ಲಕ್ಷ 90 ಸಾವಿರದಿಂದ 6 ಲಕ್ಷ 50 ಸಾವಿರ ಜನ ಸಾಯುತ್ತಾರೆ. 2023ರ ಮಾರ್ಚ್‌ನಲ್ಲಿ ಎಚ್3ಎನ್2 ಹರಡಿದಾಗ ನಮ್ಮ ರಾಜ್ಯದಲ್ಲಿ ವರದಿಯಾದ ಮೊದಲ ಸಾವು ಹಾಸನ ಜಿಲ್ಲೆಯ, 80 ದಾಟಿದ ಹಿರಿಯರೊಬ್ಬರದು. 65 ದಾಟಿದವರು, ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ಸಕ್ಕರೆ ಕಾಯಿಲೆ, ಉಬ್ಬಸ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಹೆಚ್ಚಿನ ಅಪಾಯದಲ್ಲಿದ್ದಾರೆ.

ನಮ್ಮ ಕರಾವಳಿಯಲ್ಲಿ ಇದನ್ನು ಇನ್ನೂ ಸ್ವಲ್ಪ ಯೋಚಿಸಬೇಕು. ಮಕ್ಕಳು ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇದ್ದು, ವಯಸ್ಸಾದ ತಂದೆತಾಯಿ ಇಬ್ಬರೇ ದೊಡ್ಡ ಮನೆಯಲ್ಲಿರುವುದು ಇಲ್ಲಿ ಸಾಮಾನ್ಯ. ಒಬ್ಬರು ಮಲಗಿದರೆ ಎರಡು ದಿನದಲ್ಲಿ ಇನ್ನೊಬ್ಬರೂ ಮಲಗುತ್ತಾರೆ. ಫೋನಿನಲ್ಲಿ 'ಸ್ವಲ್ಪ ಶೀತ ಅಷ್ಟೇ' ಎನ್ನುತ್ತಾರೆ. ವಯಸ್ಸಾದವರಿಗೆ ಫ್ಲೂ ಬಂದಾಗ ಜೋರು ಜ್ವರ ಬಾರದೆಯೂ ಇರಬಹುದು. ಊಟ ಬಿಡುವುದು, ಮಾತಿನಲ್ಲಿ ಗೊಂದಲ, ವಿಪರೀತ ನಿಶ್ಶಕ್ತಿ ಇವೇ ಲಕ್ಷಣಗಳಾಗಬಹುದು. ನೆರೆಮನೆಯವರು ದಿನಕ್ಕೊಮ್ಮೆ ಇಣುಕಿ ನೋಡಿದರೆ ಬಹಳ ಉಪಕಾರ.

ಚಿಕಿತ್ಸೆ ಸರಳ: ವಿಶ್ರಾಂತಿ, ಬೇಕಾದಷ್ಟು ನೀರು, ಕುಚ್ಚಲಕ್ಕಿ ಗಂಜಿ, ಜ್ವರಕ್ಕೆ ಪ್ಯಾರಸಿಟಮಾಲ್. ಶುಂಠಿ, ಕಾಳುಮೆಣಸಿನ ಕಷಾಯ ಗಂಟಲಿಗೆ ಹಿತ, ಕುಡಿಯಲಿ. ವೈರಸನ್ನು ಅದು ಕೊಲ್ಲುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ಆಂಟಿಬಯೋಟಿಕ್ ನುಂಗುವ ಅಭ್ಯಾಸವನ್ನಂತೂ ಬಿಡಲೇಬೇಕು. ಅದು ಬ್ಯಾಕ್ಟೀರಿಯಾಕ್ಕೆ ಇರುವ ಮದ್ದು, ವೈರಸ್‌ಗಲ್ಲ. ಫ್ಲೂವಿಗೆಂದೇ ಇರುವ ಮದ್ದು ಒಸೆಲ್ಟಾಮಿವಿರ್. ಜ್ವರ ಶುರುವಾದ 48 ಗಂಟೆಗಳೊಳಗೆ ಆರಂಭಿಸಿದರೆ ಅದರ ಪ್ರಯೋಜನ ಹೆಚ್ಚು. ಆದುದರಿಂದ ಮೇಲೆ ಹೇಳಿದ ಅಪಾಯದ ಗುಂಪಿನವರು 'ಮೂರು ದಿನ ನೋಡೋಣ' ಎಂದು ಕಾಯದೆ ಮೊದಲ ದಿನವೇ ವೈದ್ಯರನ್ನು ಕಾಣಬೇಕು.

ಮಳೆಗಾಲದಲ್ಲಿ ಇಲ್ಲಿ ಡೆಂಗ್ಯೂ, ಮಲೇರಿಯ, ಇಲಿಜ್ವರಗಳೂ ಇವೆ. ಅವೂ ಜ್ವರ, ಮೈಕೈನೋವಿನಿಂದಲೇ ಶುರುವಾಗುತ್ತವೆ. ಗದ್ದೆ, ತೋಟದಲ್ಲಿ ಕೆಸರುನೀರಿಗೆ ಇಳಿದವರಿಗೆ ಜ್ವರ ಬಂದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಸ್ವಂತ ಬುದ್ಧಿಯಿಂದ ಆಸ್ಪಿರಿನ್ ನುಂಗಬಾರದು: ಡೆಂಗ್ಯೂ ಆಗಿದ್ದರೆ ರಕ್ತಸ್ರಾವದ ಭಯ, ಮಕ್ಕಳಿಗೆ ಫ್ಲೂವಿನಲ್ಲೂ ಅಪಾಯ. ಉಸಿರಾಟ ಕಷ್ಟವಾದರೆ, ಎದೆನೋವು ಬಂದರೆ, ಅಥವಾ ಇಳಿದ ಜ್ವರ ಎರಡು ದಿನದ ಬಳಿಕ ಮತ್ತೆ ಏರಿದರೆ ಕೂಡಲೇ ಆಸ್ಪತ್ರೆಗೆ. ಕೊನೆಯದು ನ್ಯುಮೋನಿಯದ ಸೂಚನೆ ಇರಬಹುದು.

ಹರಡದಂತೆ ತಡೆಯುವುದು ಕೋವಿಡ್ ಕಾಲದಲ್ಲಿ ನಾವು ಕಲಿತು ಈಗ ಮರೆಯುತ್ತಿರುವ ಪಾಠವೇ. ಸೀನುವಾಗ ಮೊಣಕೈ ಅಡ್ಡ, ಸಾಬೂನಿನಿಂದ ಕೈತೊಳೆತ, ರೋಗಿಗೂ ಆರೈಕೆ ಮಾಡುವವರಿಗೂ ಮಾಸ್ಕ್, ಕೋಣೆಗೆ ಗಾಳಿ. ಮದ್ದಿಲ್ಲದೆ ಜ್ವರ ಬಿಟ್ಟು 24 ಗಂಟೆ ಆಗುವ ತನಕ ಮಗುವನ್ನು ಶಾಲೆಗೆ ಕಳುಹಿಸಬಾರದು. ದೊಡ್ಡವರೂ ಮದುವೆ, ರೋಸ್ ಎಂದು ಹೊರಡಬಾರದು. ಭಾನುವಾರದ ಪೂಜೆ ತಪ್ಪಿತೆಂದು ಕೊರಗುವವರಿದ್ದಾರೆ. ಕಾಯಿಲೆಯವರಿಗೆ ಆ ಕಡ್ಡಾಯವಿಲ್ಲ.

ಇನ್ನು ಲಸಿಕೆ. ಇದು ಸರಕಾರದ ಸಾರ್ವತ್ರಿಕ ಲಸಿಕೆಗಳ ಪಟ್ಟಿಯಲ್ಲಿಲ್ಲ, ಬೇಕಾದವರು ಹಣ ಕೊಟ್ಟು ಹಾಕಿಸಿಕೊಳ್ಳಬೇಕು. ಆರು ತಿಂಗಳು ತುಂಬಿದ ಮಗುವಿನಿಂದ ಹಿಡಿದು ಎಲ್ಲರಿಗೂ ಕೊಡಬಹುದು, ಗರ್ಭಿಣಿಯರಿಗೂ. ವೈರಸ್‌ಗೆ ಲಸಿಕೆ ಹೊಂದಿಕೆಯಾದ ವರ್ಷಗಳಲ್ಲಿ ವೈದ್ಯರ ಬಳಿ ಹೋಗಬೇಕಾಗುವಂಥ ಫ್ಲೂವನ್ನು ಅದು ಶೇಕಡಾ 40ರಿಂದ 60ರಷ್ಟು ತಗ್ಗಿಸುತ್ತದೆ. ಸಂಪೂರ್ಣ ರಕ್ಷಣೆ ಅಲ್ಲ, ಆದರೂ ತೀವ್ರ ಕಾಯಿಲೆ ಕಡಿಮೆಯಾಗುತ್ತದೆ. ವೈರಸ್ ಬದಲಾಗುವುದರಿಂದ ಪ್ರತಿ ವರ್ಷ ಹೊಸದಾಗಿ ಹಾಕಿಸಿಕೊಳ್ಳಬೇಕು. ರಕ್ಷಣೆ ಬರಲು ಸುಮಾರು ಎರಡು ವಾರ ಬೇಕು. ಅಮೆರಿಕ, ಯುರೋಪಿನಲ್ಲಿರುವ ನಮ್ಮವರು ಅಲ್ಲಿನ ಚಳಿಗಾಲಕ್ಕೆ ಮುಂಚೆ, ಅಂದರೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹಾಕಿಸಿಕೊಳ್ಳುತ್ತಾರೆ. ಅದನ್ನೇ ಕೇಳಿ ಇಲ್ಲಿಯೂ ಅಕ್ಟೋಬರ್‌ವರೆಗೆ ಕಾದರೆ ನಮ್ಮ ಮಳೆಗಾಲ ಕಳೆದೇ ಹೋಗಿರುತ್ತದೆ. ಕರಾವಳಿಯವರಿಗೆ ಸರಿಯಾದ ಸಮಯ ಏಪ್ರಿಲ್, ಮೇ. ಹಾಕಿಸುವ ಮೊದಲು ಡಬ್ಬಿಯ ಮೇಲಿನ ವರ್ಷವನ್ನು ನೋಡಿ, ಹೊಸ ಲಸಿಕೆಯೇ ಎಂದು ವೈದ್ಯರಲ್ಲಿ ಕೇಳಿ ತಿಳಿದುಕೊಳ್ಳಿ.