ಬಾಳಿನ ಗಡಿಯಾರ

ವಿವಾಹ, ಸಂತಾನಪ್ರಾಪ್ತಿ, ಉದ್ಯೋಗದಿಂದ ನಿವೃತ್ತಿ, ಬಾಳಸಂಗಾತಿಯ ಅಗಲಿಕೆ ಮೊದಲಾದವು ಮನುಷ್ಯನ ಬದುಕಿನ ದಿಕ್ಕನ್ನೇ ಬದಲಿಸುವ ಘಟನೆಗಳು. ಇಂತಹ ಘಟನೆಗಳ ಭಾರವನ್ನು ಅಳೆಯಲು ಸಾಧ್ಯವೇ? ಅಮೆರಿಕದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ವೈದ್ಯರು 1967ರಲ್ಲಿ ಈ ಸಾಹಸಕ್ಕೆ ಕೈಹಾಕಿದರು. 394 ಜನರ ಅಭಿಪ್ರಾಯವನ್ನು ಕೇಳಿ, 43 ಘಟನೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದರು. ಪ್ರತಿಯೊಂದಕ್ಕೂ ಹೊಂದಿಕೊಳ್ಳಲು ಬೇಕಾಗುವ ಪ್ರಯಾಸಕ್ಕೆ ಅನುಗುಣವಾಗಿ ಅಂಕಗಳು ನಿಗದಿಯಾದವು. ಪತಿ ಅಥವಾ ಪತ್ನಿಯ ಮರಣಕ್ಕೆ 100, ವಿವಾಹಕ್ಕೆ 50, ನಿವೃತ್ತಿಗೆ 45. ಮಂಗಳಕರವಾದ ವಿವಾಹಕ್ಕೂ ಇಲ್ಲಿ ಸ್ಥಾನ ದೊರೆತುದಕ್ಕೆ ಬೆರಗಾಗಬೇಕಾಗಿಲ್ಲ. ಮದುವೆ ಮುಗಿದ ಮಾರನೆಯ ದಿನ ಹೆಣ್ಣಿನ ತಂದೆತಾಯಿಗಳ ಮುಖವನ್ನು ಕಂಡವರು ಇದನ್ನು ಒಪ್ಪಿಯಾರು.

ಆದರೆ ಈ ಅಳತೆಗೋಲಿಗೆ ವಯಸ್ಸಿನ ಗೊಡವೆಯಿಲ್ಲ. ಇಪ್ಪತ್ತೈದರ ತರುಣಿ ಪತಿಯನ್ನು ಕಳೆದುಕೊಂಡರೂ ನೂರು, ಎಪ್ಪತ್ತೈದರ ವೃದ್ಧೆ ಕಳೆದುಕೊಂಡರೂ ನೂರು!

ಷಿಕಾಗೊ ವಿಶ್ವವಿದ್ಯಾನಿಲಯದ ವಿದುಷಿ ಬರ್ನೀಸ್ ನ್ಯೂಗಾರ್ಟನ್ (1916–2001) ಈ ವಿಷಯವನ್ನು ಬೇರೆ ದೃಷ್ಟಿಯಿಂದ ಪರಿಶೀಲಿಸಿದರು. ಓದು ಮುಗಿಯುವುದಕ್ಕೆ, ವಿವಾಹಕ್ಕೆ, ಮೊಮ್ಮಕ್ಕಳನ್ನು ಎತ್ತಿ ಆಡಿಸುವುದಕ್ಕೆ ಸಮಾಜವು ತಕ್ಕ ವಯಸ್ಸನ್ನು ಗೊತ್ತುಮಾಡಿರುತ್ತದೆ. ಇದನ್ನು ಅವರು ‘ಸಾಮಾಜಿಕ ಗಡಿಯಾರ’ ಎಂದರು. ಅವರೂ ಅವರ ಸಹೋದ್ಯೋಗಿಗಳೂ 1965ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂತಹ ಕಾಲನಿಯಮಗಳಿಗೆ ತರುಣರಿಗಿಂತ ಹಿರಿಯರೇ ಹೆಚ್ಚು ಬೆಲೆ ಕೊಟ್ಟುದು ಕಂಡುಬಂದಿತು.

ನಿರೀಕ್ಷಿಸಿದ ಕಾಲಕ್ಕೆ ಒದಗಿದ ಘಟನೆಗೆ ಮನಸ್ಸು ಮೊದಲೇ ಅಣಿಯಾಗಿರುತ್ತದೆ. ಅಕಾಲದಲ್ಲಿ ಬಂದೆರಗಿದರೆ ಅದೇ ಆಘಾತವಾಗುತ್ತದೆ. ಅರುವತ್ತರಲ್ಲಿ ನಿವೃತ್ತನಾಗುವವನು ವರ್ಷಗಳ ಮುಂಚೆಯೇ ಆ ದಿನವನ್ನು ಮನಸ್ಸಿನಲ್ಲಿ ಕಂಡಿರುತ್ತಾನೆ. ನಲವತ್ತರಲ್ಲಿ ಕೆಲಸ ಕಳೆದುಕೊಂಡವನಿಗೆ ಆ ಅವಕಾಶವೆಲ್ಲಿ? ವೃದ್ಧೆಯ ಓರಗೆಯವರಲ್ಲಿ ಹಲವರು ಆ ದುಃಖವನ್ನು ಉಂಡವರೇ. ಅವರ ಮಾತು ಆಕೆಗೆ ಊರುಗೋಲಾಗುತ್ತದೆ. ತರುಣಿಯ ಗೆಳತಿಯರಾದರೋ ತಮ್ಮ ಮಕ್ಕಳ ಹುಟ್ಟುಹಬ್ಬದ ಸಡಗರದಲ್ಲಿರುತ್ತಾರೆ. ಆಕೆಯೊಡನೆ ಏನು ಮಾತನಾಡಬೇಕೆಂಬುದೇ ಅವರಿಗೆ ತೋಚದು. ಹೀಗೆ ದುಃಖದ ಜೊತೆಗೆ ಒಂಟಿತನವೂ ಆಕೆಯ ಪಾಲಿಗೆ ಬರುತ್ತದೆ.

ಹಾಗೆಂದು ಸಕಾಲದ ಸಾವು ನೋವಿಲ್ಲದ್ದೆಂದು ಭಾವಿಸಲಾಗದು. “ತುಂಬು ಬಾಳು ಬಾಳಿದರು” ಎಂದು ಬಂದವರೆಲ್ಲರೂ ವೃದ್ಧೆಯನ್ನು ಸಂತೈಸುತ್ತಾರೆ. ಐವತ್ತು ವರ್ಷ ಇಬ್ಬರಿಗೆಂದೇ ಅಕ್ಕಿ ಅಳೆದ ಕೈ, ನೆಂಟರು ಊರಿಗೆ ಮರಳಿದ ಮೇಲೂ ಇಬ್ಬರಿಗೇ ಅಳೆಯುತ್ತಿರುತ್ತದೆ.